ನಾಲ್ಕು ಹೆಜ್ಜೆ, ಒಂದು ತಿರುವು

"ಮೊದಲು ಅವನ ಮುಖ ನಿನ್ನ ಕಡೆ ತಿರುಗಿಸಿಕೊ,
ಆಮೇಲೆ ಕೊಂಡಿ ಬಿಚ್ಚು.
ಬೆನ್ನು ತೋರಿಸಿದವನನ್ನು ಬಿಟ್ಟೆಯೋ, ಹಿಂಗಾಲು ನಿನ್ನದು."
ಮಾವ ಅನ್ಸೆಲ್ಮು ಹಾಸಿಗೆಯಿಂದಲೇ ಹೇಳಿದ.
ಸೊಂಟಕ್ಕೆ ಮೂರು ಮೊಳೆ ಹೊಡೆಸಿಕೊಂಡು ಬಂದವನ ಮಾತು,
ಕೇಳದೆ ಇರಲಾದೀತೆ?

ಅಲೆಂತೇಜುವಿನ ನವೆಂಬರು.
ಲಾಯದ ಸುಣ್ಣದ ಗೋಡೆಗೆ ಮೊಣಕಾಲೆತ್ತರ ನೀಲಿ ಪಟ್ಟಿ,
ಅದರ ಮೇಲೆಲ್ಲ ಹಲ್ಲಿನ ಗೀರು.
ನುಬ್ಲಾದು ಎರಡು ವರ್ಷ ಕೂತು ಬರೆದದ್ದು,
ಕೂತು ಅಲ್ಲ, ನಿಂತು.
ಹೆಸರಿಗೆ ಮೋಡ ಮುಸುಕಿದವನು;
ಮೋಡ ಕಂಡದ್ದು ಬಾಗಿಲ ಮೇಲರ್ಧದಲ್ಲಿ,
ಕಂಬಳಿಯಗಲ.
ವಸಂತಕ್ಕೆ ಇಪ್ಪತ್ತು ದಿನ ಹೊರಗೆ, ಹೆಣ್ಗುದುರೆಗಳಿಗೆ.
ಆ ಇಪ್ಪತ್ತು ದಿನಕ್ಕೆ ಕಾಗದ, ಸಹಿ, ಬೆಲೆ.
ಮಿಕ್ಕವಕ್ಕೆ ಲದ್ದಿ ಬಾಚುವ ನಾನು.

"ಬಯಲಿಗೆ ಬಿಟ್ಟರೆ ಕಾಲು ಮುರಿದುಕೊಳ್ಳುತ್ತಾನೆ" ಅಂದ ಗಂಡ.
"ಒಳಗಿದ್ದುಕೊಂಡೇ ನಿಮ್ಮಪ್ಪನ ಸೊಂಟ ಮುರಿದನಲ್ಲ" ಅಂದೆ.
ಮಾರನೆಯ ದಿನ ಚೆಸ್ಟ್‌ನಟ್ ಮರದ ಗಳು ಬಂದವು.
ಬೇಲಿ ಎರಡು ಸುತ್ತು, ನಡುವೆ ಒಂದು ಗಾಡಿದಾರಿ.
ಹೆಣ್ಣುಗಳನ್ನು ತೊರೆಯಾಚೆಗೆ ಅಟ್ಟಿದ್ದಾಯಿತು, ಗಾಳಿ ನೋಡಿಕೊಂಡು.
ಹೊಟ್ಟೆ ತುಂಬ ಹುಲ್ಲು ಹಾಕಿದೆ; ಹಸಿದವನಿಗೆ ಬುದ್ಧಿ ಹೇಳಬಾರದು.

ಮೂಗಿನ ಮೇಲೆ ಸರಪಳಿ. ಹಗ್ಗ ಕೈಗೆ ಸುತ್ತಿಲ್ಲ, ಮಡಿಸಿ ಹಿಡಿದಿದ್ದೇನೆ.
ನನ್ನ ಮೊಣಕೈ ಅವನ ಭುಜಕ್ಕೆ, ಅವನ ಬಿಸಿಯುಸಿರು ನನ್ನ ಕುತ್ತಿಗೆಗೆ.
ಹೊಸ್ತಿಲಲ್ಲಿ ನಿಂತ.
ಕೆನೆದ ಸದ್ದಿಗೆ ಹೆಂಚಿನ ಮೇಲಿನ ಪಾರಿವಾಳ ಹಾರಿದವು.
ಚರ್ಮದ ಕೆಳಗೆ ಯಾರೋ ಮಣೆ ಎಳೆದಾಡಿದ ಹಾಗೆ ನಡುಕ.
ಬಾಯಿಗೆ ಬಂದದ್ದು ಹೇಳುತ್ತ ನಡೆದೆ:
ಈರುಳ್ಳಿ ರೇಟು, ತಂಗಿಯ ವಿಚ್ಛೇದನ,
ನನ್ನ ಎಡಗಾಲಿನ ಬೂಟು ಸೋರುವುದು.
ಗೇಟಿನೊಳಗೆ ಮುಖ ತಿರುಗಿಸಿಕೊಂಡೆ.
ಬಿಚ್ಚಿದೆ.
ಹಿಂದೆ ಹಿಂದೆ ಮೂರು ಹೆಜ್ಜೆ.

ಗೋಡೆಯ ಮೇಲೆ ಊರ ಹುಡುಗರು ಸಾಲಾಗಿ, ಬಿರುಗಾಳಿ ನೋಡಲು.

ನಾಲ್ಕು ಹೆಜ್ಜೆ ನಡೆದ. ತಿರುಗಿದ.
ನಾಲ್ಕು ಹೆಜ್ಜೆ. ತಿರುಗಿದ.
ಎರಡೂವರೆ ಎಕರೆ ಹುಲ್ಲಿನ ನಡುವೆ
ಇಲ್ಲದ ಗೋಡೆಗೆ ಮೂಗು ತಾಗದಂತೆ ಎಚ್ಚರದಿಂದ
ತಿರುಗಿದ.
ಹುಡುಗರು ನಕ್ಕರು. ಆಮೇಲೆ ನಗಲಿಲ್ಲ.
ಒಬ್ಬೊಬ್ಬನೇ ಇಳಿದು ಹೋದರು, ಸಾವಿನ ಮನೆಯಿಂದ ಹೋಗುವ ಹಾಗೆ.

"ಓಡಿದನಾ?" ಸಂಜೆ ಮಾವ ಕೇಳಿದ.
"ಓಡಿದ."
"ಯಾವ ಕಾಲು ಮುಂದೆ?"
"ಎಡಗಾಲು."
ಕಣ್ಣು ಮುಚ್ಚಿ ನೋಡುತ್ತಿದ್ದ, ಪಾಪ.
ಹತ್ತು ದಿನ ದಿನಕ್ಕೊಂದು ಓಟ ಹೊಸೆದು ಹೇಳಿದೆ.
ಬಯಲಲ್ಲಿ ಹುಲ್ಲು ಸವೆದು ಚೌಕವಾಯಿತು,
ಬಾಗಿಲಿಲ್ಲದ ಲಾಯ.

ಹನ್ನೊಂದನೆಯ ದಿನ ಮಳೆ ಬಿಟ್ಟ ಮೇಲೆ
ಚೌಕದ ಒಂದು ಮೂಲೆಯಿಂದ ಗೊರಸಿನ ಗುರುತು ಹೊರಟಿತ್ತು.
ನೇರವಾಗಿ ಅಲ್ಲ,
ಸಂಕೋಚದ ನೆಂಟನ ಹಾಗೆ ಅಡ್ಡಡ್ಡ,
ತೊಗಟೆ ಸುಲಿದ ಕಾರ್ಕ್ ಮರದವರೆಗೆ.
ಅಲ್ಲಿ ಅವನು,
ಸುಲಿದ ವರ್ಷದ ಬಿಳಿ ಅಂಕಿಗೆ ಪೃಷ್ಠ ಉಜ್ಜಿಕೊಳ್ಳುತ್ತ,
ತುಟಿ ಜೋಲು ಬಿಟ್ಟು, ದೊಡ್ಡಮನುಷ್ಯರು ನೋಡಬಾರದ ಮುಖದಲ್ಲಿ.
ಮತ್ತೆ ಮೊಣಕಾಲೂರಿ ಬಿದ್ದ. ಉರುಳಿದ.
ನಾಲ್ಕೂ ಕಾಲು ಆಕಾಶಕ್ಕೆ,
ಬೂದು ಹೊಟ್ಟೆಗೆಲ್ಲ ಕೆಂಪು ಕೆಸರು.
ನಕ್ಕೆ. ನಕ್ಕು ಮೈಮರೆತೆ.
ಹಗ್ಗ ಹಾಕುವಾಗ ಭುಜ ಕಚ್ಚಿದ.

"ಇವತ್ತು ಉರುಳಾಡಿದ" ಅಂದೆ, ತೋಳು ಹಿಡಿದುಕೊಂಡು.
ಮಾವ ಬಹಳ ಹೊತ್ತು ಸುಮ್ಮನಿದ್ದ.
"ಹಾಗಾದರೆ ಇಷ್ಟು ದಿನ ಓಡಿರಲಿಲ್ಲ.
ಓಡುವವನು ಮೊದಲ ದಿನವೇ ಉರುಳುತ್ತಾನೆ."
ಬೈಯಲಿಲ್ಲ. ಗೋಡೆ ಕಡೆ ಹೊರಳಲು ನೋಡಿದ,
ಮೊಳೆಗಳು ಬಿಡಲಿಲ್ಲ.
"ಮುಖ ತಿರುಗಿಸಿಕೊಂಡೆಯಾ?"
"ತಿರುಗಿಸಿಕೊಂಡೆ."
"ಸರಿ."

ಗುರುತು ಎರಡು ವಾರ ಇತ್ತು,
ಮೊದಲು ನೀಲಿ, ಆಮೇಲೆ ಹಳದಿ,
ಈ ಸೀಮೆಯ ಗೋಡೆಗಳ ಹಾಗೆ.